ಬುಧವಾರ ಬಂದ ಕಂಪ್ಯೂಟರುಗಳು

ಡುಫಿಯೆ: ಕೊಟ್ಟಿದೀನಿ ಅಂದೆನಲ್ಲ! ಇನ್ನೆಷ್ಟು ಸಲ ಬಾಯಿ ಬಡ್ಕೊಳ್ಳಲಿ?

ಅಂಪೊನ್ಸಾ: ಬಂದಿಲ್ಲ ಅಂದೆನಲ್ಲ! ಇನ್ನೆಷ್ಟು ಸಲ ಕಣ್ಣು ಬಿಟ್ಕೊಂಡು ನೋಡ್ಲಿ?

ಡುಫಿಯೆ: ಅದು ತಾನಾಗಿ ಬರಲ್ಲ ಆಫ್ರಾ ಅಪ್ಪಾ. ಫೋಲ್ಡರ್ ಬಾಗಿಲು ತೆಗೆದಿಟ್ಟಿದೀನಿ. ನೀವೇ ಒಳಗೆ ಬಂದು ಎತ್ಕೊಂಡು ಹೋಗ್ಬೇಕು.

ಅಂಪೊನ್ಸಾ: ಇಲ್ಲಿ ನಿನ್ನ ಮನೇನೇ ಕಾಣ್ತಿಲ್ಲ, ಇನ್ನು ಬಾಗಿಲು ಎಲ್ಲಿ ಹುಡುಕ್ಲಿ!

ಡುಫಿಯೆ: ಕನ್ನಡಕ ಹಾಕ್ಕೊಳ್ಳಿ.

ಅಂಪೊನ್ಸಾ: ಹಾಕ್ಕೊಂಡೇ ಇದೀನಿ ಕಣೆ!

ಕುಮಾಸಿ ನಗರದ ಬಾಂತಾಮಾ ಬಡಾವಣೆಯಲ್ಲಿ, ಆ ಮನೆಯ ಹಾಲಿನಲ್ಲಿ ಅಂಪೊನ್ಸಾ ಕೂತಿದ್ದ. ಒಳಕೋಣೆಯಲ್ಲಿ, ಮಗಳು ಆಫ್ರಾಳ ಹೆಸರು ಹಿಡಿದೇ ಅವನನ್ನು ಕರೆಯುವ ಹೆಂಡತಿ ಡುಫಿಯೆ ಕೂತಿದ್ದಳು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು, ಬಾಗಿಲಿಗೊಂದು ಹೂವಿನ ಪರದೆ. ಗಂಡ ಹೆಂಡಿರ ಮಾತೆಲ್ಲ ಆ ಪರದೆಯನ್ನು ಅಲ್ಲಾಡಿಸಿಕೊಂಡೇ ಓಡಾಡಬೇಕು. ಇಬ್ಬರ ಮುಂದೂ ಒಂದೊಂದು ಕಂಪ್ಯೂಟರ್.

ಕಸುಬು ಏನೆಂದರೆ, ಶವಸಂಸ್ಕಾರದ ಪುಸ್ತಕ ಮಾಡಿಕೊಡುವುದು. ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಬಂದವರ ಕೈಗೆಲ್ಲ ಒಂದೊಂದು ಪುಸ್ತಕ ಕೊಡಬೇಕು. ಮೇಲೆ ಸತ್ತವರ ಬಣ್ಣದ ಫೋಟೋ, ಒಳಗೆ ಅವರ ಬಾಳಿನ ಕಥೆ, ಮಕ್ಕಳ ನಾಲ್ಕು ಮಾತು, ಮೊಮ್ಮಕ್ಕಳ ಎರಡು ಮಾತು, ಹಾಡುವ ಕೀರ್ತನೆ. ಮನೆಯವರ ಬಳಿ ಕೂತು ಕೇಳಿ, ಅತ್ತವರನ್ನು ಸಮಾಧಾನ ಮಾಡಿ, ಮಾತು ಹೊರಡದವರಿಗೆ ತಾನೇ ಮಾತು ಕೊಟ್ಟು, ಎಲ್ಲವನ್ನೂ ಕೂತು ಬೆರಳಚ್ಚು ಮಾಡುವವಳು ಡುಫಿಯೆ. ಅದಕ್ಕೆ ಹೂಬಳ್ಳಿ ಅಂಟಿಸಿ, ಪಾರಿವಾಳ ಹಾರಿಸಿ, ಪ್ರಿಂಟರಿನಿಂದ ಹೊರಗೆಳೆಯುವವನು ಅಂಪೊನ್ಸಾ. ಕೊನೆಯ ಪುಟದ ಅಡಿಯಲ್ಲಿ ಮಾತ್ರ ಒಂದೇ ಸಾಲು: 'ಸಿದ್ಧಪಡಿಸಿದವರು, ಅಂಪೊನ್ಸಾ.' ಆ ಸಾಲು ನೋಡಿದಾಗೆಲ್ಲ ಡುಫಿಯೆಗೆ ಮೈ ಉರಿಯುತ್ತಿತ್ತು. ಇವತ್ತು ಬೆಳಿಗ್ಗೆ ಆ ಉರಿ ಬಾಯಿಗೆ ಬಂದಿತ್ತು. ತನ್ನ ಹೆಸರು ಆ ಸಾಲಿನಲ್ಲಿ ಬರದೆ ಹೋದರೆ ತನ್ನ ಫೈಲು ಒಳಕೋಣೆ ಬಿಟ್ಟು ಕದಲುವುದಿಲ್ಲ ಎಂದುಬಿಟ್ಟಿದ್ದಳು. ಅಂಪೊನ್ಸಾ ಊಟದ ತನಕ ಗುರುಗುಟ್ಟಿ, ಊಟವಾದ ಮೇಲೆ ಹೂಂ ಅಂದಿದ್ದ. ಅವಳೂ ಖುಷಿಯಿಂದ ಫೋಲ್ಡರ್ ತೆರೆದಿಟ್ಟಳು. ಈಗ ನೋಡಿದರೆ ಫೈಲು ಬರುತ್ತಿಲ್ಲ.

ಅಂಪೊನ್ಸಾ: ಗೊತ್ತಾಯ್ತು ಬಿಡು. ಬೆಳಿಗ್ಗೆ ಕೊಡಲ್ಲ ಅಂದವಳು ಮಧ್ಯಾಹ್ನ ಕೊಟ್ಟೆ ಅಂದ್ರೆ ನಂಬೋಕಾಗತ್ತಾ? ಎಲ್ಲೋ ಅಡಗಿಸಿಟ್ಟಿದೀಯ.

ಡುಫಿಯೆ: ನಾನ್ಯಾಕೆ ಅಡಗಿಸ್ಲಿ? ಹೆಸರು ಹಾಕ್ತೀನಿ ಅಂದ್ರಲ್ಲ!

ಅಂಪೊನ್ಸಾ: ಮೊದ್ಲು ಹೆಸರು ಬರ್ಲಿ, ಆಮೇಲೆ ಫೈಲ್ ಬಿಡೋಣ ಅಂತ ಆಟ ಹೂಡಿದೀಯ.

ಡುಫಿಯೆ: ಅಯ್ಯೋ ದೇವ್ರೇ! ನೀವೇ ಏನೋ ಆಟ ಕಟ್ಟಿದೀರ. ಫೈಲ್ ಬರ್ಲಿಲ್ಲ, ಆದ್ರಿಂದ ಹೆಸರೂ ಹಾಕ್ಲಿಲ್ಲ ಅಂತ ನಾಳೆ ಹೇಳೋಕೆ.

ಅಂಪೊನ್ಸಾ: ಹೌದು, ಬರ್ದೇ ಇದ್ರೆ ಹಾಕಲ್ಲ. ಅದ್ರಲ್ಲೇನು ತಪ್ಪು? ಇಲ್ದೇ ಇರೋ ಪುಸ್ತಕದ ಕೊನೇ ಪುಟದಲ್ಲಿ ನಿನ್ನ ಹೆಸರು ಹೇಗೆ ಬರೀಲಿ?

ಹಾಲಿನ ಮೂಲೆಯ ಕುರ್ಚಿಯಿಂದ ಒಂದು ಕೆಮ್ಮು ಕೇಳಿಸಿತು. ಅದು ಬರಿಯ ಕೆಮ್ಮಲ್ಲ, ಇಡೀ ಸಭೆಯನ್ನು ಸುಮ್ಮನಾಗಿಸಿ ಅಭ್ಯಾಸವಿದ್ದ ಕೆಮ್ಮು. ಕೆಮ್ಮಿದವರು ಬಾಫೂರ್, ಎಲ್ಲರೂ ಗೌರವದಿಂದ 'ನಾನಾ', ಅಂದರೆ ಅಜ್ಜ, ಎಂದು ಕರೆಯುವವರು. ಬಹಳ ಕಾಲ ತಮ್ಮ ಊರಿನ ಅರಸರಿಗೆ ಮಾತಿನ ಹಿರಿಯರಾಗಿದ್ದವರು. ಅಂದರೆ, ಅರಸರಿಗೆ ಯಾರೂ ನೇರವಾಗಿ ಏನನ್ನೂ ಹೇಳುವಂತಿಲ್ಲ. ಇವರ ಕಿವಿಗೆ ಹಾಕಬೇಕು, ಇವರು ಅದರ ಒರಟು ತೆಗೆದು ಅರಸರಿಗೆ ಮುಟ್ಟಿಸುತ್ತಾರೆ. ಅರಸರ ಮಾತೂ ಹಾಗೆಯೇ ಇವರ ಬಾಯಿಂದಲೇ ಕೆಳಗೆ ಇಳಿಯಬೇಕು. ಹೆಗಲ ಮೇಲೆ ಹಾಸಿಕೊಂಡ ನೀಲಿ ವಸ್ತ್ರವನ್ನು ಸರಿಮಾಡಿಕೊಂಡು, ಎರಡು ಮಂಡಿಗಳ ನಡುವೆ ಕೊಡೆ ನಿಲ್ಲಿಸಿಕೊಂಡು, ಅವರು ಅಷ್ಟು ಹೊತ್ತಿನಿಂದಲೂ ಅಲ್ಲೇ ಕೂತಿದ್ದರು.

ಬಾಫೂರ್: ಮಕ್ಕಳಾ, ಸತ್ತವನು ಇಲ್ಲಿ ಕಾಯ್ತಾ ಕೂತಿದಾನೆ. ನೆನಪಿದೆಯೋ ಇಲ್ವೋ?

ಅಂಪೊನ್ಸಾ: ಛೆ ಛೆ, ಬಿಡ್ತು ಅನ್ನಿ ನಾನಾ!

ಆದರೆ ಹೇಳಿದ್ದು ನಿಜ. ಈಗ ತಯಾರಾಗಬೇಕಿದ್ದ ಪುಸ್ತಕ ಬಾಫೂರರದೇ. ಬದುಕಿದ್ದಾಗಲೇ ತಮ್ಮ ಪುಸ್ತಕ ಮಾಡಿಸುತ್ತಿದ್ದಾರೆಂದು ಕೇಳಿ ಸೋದರಳಿಯಂದಿರೆಲ್ಲ ಬಾಯಿ ಬಾಯಿ ಬಡಿದುಕೊಂಡಿದ್ದರು. ಮುದುಕರು ಜಗ್ಗಿರಲಿಲ್ಲ.

ಬಾಫೂರ್: ನನ್ನ ಗೆಳೆಯ ಬಸ್ ಓಡಿಸ್ತಿದ್ದವನು ಹೋದ್ನಲ್ಲ, ಅವನ ಪುಸ್ತಕ ನೋಡಿದ್ರಾ? ಅವನ ಮನೆಯವ್ರು ಇನ್ಯಾರ ಹತ್ರಾನೋ ಮಾಡಿಸಿದ್ರು. ಹಳೇ ಪುಸ್ತಕದ ಮಾತು ಎತ್ತಿ ಹಾಕಿ, ಮೇಲೆ ಹೆಸರು ಮಾತ್ರ ಬದಲಾಯಿಸಿದಾರೆ. 'ಟೊಮೇಟೊ ಮಾರುತ್ತಲೇ ಹತ್ತು ಮಕ್ಕಳಿಗೆ ಎದೆಹಾಲು ಕುಡಿಸಿದ ಮಹಾತಾಯಿ' ಅಂತ ಇತ್ತು. ಅಷ್ಟುದ್ದದ ಮೀಸೆ ಇಟ್ಕೊಂಡವನು ಪಾಪ! ಪೆಟ್ಟಿಗೇಲಿ ಮಲಗಿದ್ನಲ್ಲ, ಎದ್ದು ಜಗಳ ಆಡೋ ಹಾಗೂ ಇರ್ಲಿಲ್ಲ.

ಡುಫಿಯೆ: ನಿಮ್ಮದು ಹಾಗಾಗಲ್ಲ ನಾನಾ. ಒಂದೊಂದು ಮಾತೂ ನೀವು ಹೇಳಿದ್ದೇ ಬರ್ದಿದೀನಿ.

ಬಾಫೂರ್: ಬರ್ದಿದೀಯ ತಾಯಿ, ಆದ್ರೆ ನಾನು ನೋಡ್ಬೇಕಲ್ಲ. ನಾಳೆ ಬೆಳಿಗ್ಗೆ ಆಸ್ಪತ್ರೇಲಿ ಈ ಕಣ್ಣಿಗೆ ಕತ್ತಿ ಹಾಕ್ತಾರೆ. ಪೊರೆ ತೆಗೆದು ಹೊಸಾ ಬೆಳಕು ಕೊಡ್ತೀವಿ ಅಂತಾರೆ. ಕೊಡಬಹುದು. ಕೊಡದೇನೂ ಇರಬಹುದು. ಇರೋ ಮುಕ್ಕಾಲು ಕಣ್ಣಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಓದ್ಕೊಂಡು ಹೊರಡೋಣ ಅಂತ ಬಂದೆ. ಇನ್ನೇನು ಆಸ್ಪತ್ರೆ ವ್ಯಾನು ಬರತ್ತೆ.

ಡುಫಿಯೆ ಎದ್ದಳು. ಪರದೆ ಸರಿಸಿ ಹೊರಗೆ ಬಂದು ಗಂಡನ ಮೇಲೆ ಕಣ್ಣು ಕೆಂಪಗೆ ಮಾಡಿದಳು.

ಡುಫಿಯೆ: ಪೆನ್ ಡ್ರೈವ್ ಇದ್ದಿದ್ರೆ ಇಷ್ಟು ಹೊತ್ತಿಗೆ ಮುಗಿದು ಹೋಗ್ತಿತ್ತು.

ಅಂಪೊನ್ಸಾ: ಇತ್ತಲ್ಲ! ಅಂಗಿ ಜೊತೆ ಸೋಪು ಹಾಕಿ ಒಗೆದು ತಂತಿ ಮೇಲೆ ಒಣಗಿ ಹಾಕಿದವರು ಯಾರು?

ಡುಫಿಯೆ: ಜೇಬಲ್ಲಿ ಬಿಟ್ಟವರು ಯಾರು?

ಅಂಪೊನ್ಸಾ: ಜೇಬು ನೋಡ್ದೆ ಒಗೆಯೋರು ಉಂಟಾ?

ಡುಫಿಯೆ: ದಿನಾ ಜೇಬು ನೋಡಿದ್ರೆ ಅನುಮಾನದ ಹೆಂಗಸು ಅಂತೀರ. ನೋಡ್ದೆ ಇದ್ರೆ ಹೀಗೆ!

ಬಾಫೂರ್: ಆ ಗಾಳಿ ದಾರಿ ಇದೆಯಂತಲ್ಲ, ಇಂಟರ್ನೆಟ್ಟು? ಅದ್ರಲ್ಲಿ ಕಳಿಸಿ.

ಅಂಪೊನ್ಸಾ: ಅದು ಮೊನ್ನೆಯಿಂದ ಸತ್ತು ಬಿದ್ದಿದೆ ನಾನಾ. ಬಾಂತಾಮಾ ಪೂರ್ತಿ ಇಲ್ಲ. ಆದ್ರೆ ಮನೆ ಒಳಗೆ ಈ ಕೋಣೆಯಿಂದ ಆ ಕೋಣೆಗೆ ಅದು ಬೇಕಾಗಿಲ್ಲ. ಎರಡೂ ಕಂಪ್ಯೂಟರು ಅಲ್ಲಿ ದೀಪ ಮಿಣುಕಿಸ್ತಿದೆಯಲ್ಲ, ಆ ಡಬ್ಬಿಗೆ ಸೇರಿವೆ. ಇದು ಡಬ್ಬಿಗೆ ಹೇಳತ್ತೆ, ಡಬ್ಬಿ ಅದಕ್ಕೆ ಹೇಳತ್ತೆ. ಅದು ಡಬ್ಬಿಗೆ ಹೇಳಿದ್ದನ್ನ ಡಬ್ಬಿ ಇದಕ್ಕೆ ತಂದು ಕೊಡತ್ತೆ.

ಬಾಫೂರರು ಗೋಡೆಯ ಮೇಲಿದ್ದ ವೈಫೈ ಡಬ್ಬಿಯ ಕಡೆ ಮುಖ ತಿರುಗಿಸಿ, ಕುಳಿತಲ್ಲಿಂದಲೇ ತಲೆ ಬಾಗಿಸಿ ನಮಸ್ಕಾರ ಮಾಡಿದರು.

ಬಾಫೂರ್: ಹಾಗಾದ್ರೆ ಅವನು ನನ್ನ ಕಸುಬಿನೋನು! ಮೊದ್ಲೇ ಹೇಳೋದಲ್ವೇನಯ್ಯಾ? ಇಬ್ಬರು ಜಗಳ ಆಡ್ತಾ ಇದ್ರೆ ನಡುವೆ ಮಾತು ಒಯ್ಯೋನ ಪಾಡು ಏನು ಅಂತ ನನಗೆ ಗೊತ್ತು. ಇದು ಪಂಚಾಯಿತಿಗೆ ಬರಬೇಕಾದ ವಿಷಯ. ಇಬ್ಬರೂ ನಿಮ್ಮ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ. ನಾನು ಕೇಳ್ತೀನಿ, ನೀವು ಹೇಳಿ. ನಾನು ಕೇಳ್ದೇ ಇದ್ದಾಗ ಯಾರೂ ಬಾಯಿ ಬಿಡೋ ಹಾಗಿಲ್ಲ.

ಡುಫಿಯೆ ಒಳಗೆ ಹೋಗಿ ಕೂತಳು. ಪರದೆಯನ್ನು ಮಾತ್ರ ಮೇಲಕ್ಕೆತ್ತಿ ಗಂಟು ಹಾಕಿದಳು.

ಬಾಫೂರ್: ಅಂಪೊನ್ಸಾ, ನಿನ್ನ ಕಂಪ್ಯೂಟರ್ ಪರದೆ ಮೇಲೆ ಏನು ಕಾಣ್ತಿದೆ, ಇದ್ದದ್ದು ಇದ್ದ ಹಾಗೆ ಹೇಳು.

ಅಂಪೊನ್ಸಾ: ಮನೇಲಿರೋ ಕಂಪ್ಯೂಟರುಗಳ ಪಟ್ಟಿ ಅಂತ ಇದೆ ನಾನಾ. ಅದ್ರಲ್ಲಿ ಒಂದೇ ಒಂದು ಹೆಸರಿದೆ. ಕ್ವಾಕು.

ಡುಫಿಯೆ: ಅದೇ! ಅದೇ ನಂದು! ಅದನ್ನ ಒತ್ತಿ!

ಬಾಫೂರ್: ನಾನು ಕೇಳ್ದೇ ನೀನು ಬಾಯಿ ಬಿಟ್ಟೆ.

ಡುಫಿಯೆ: ತಪ್ಪಾಯ್ತು ನಾನಾ. ಒತ್ತೋಕೆ ಹೇಳಿ.

ಬಾಫೂರ್: ಒತ್ತಯ್ಯಾ.

ಅಂಪೊನ್ಸಾ ಒತ್ತಿದ. ಬಗ್ಗಿ ನೋಡಿದ. ಆಮೇಲೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ.

ಅಂಪೊನ್ಸಾ: ಹಾ! ಕಳ್ಳಿ! ನನ್ನ ಪಾರಿವಾಳ ಇಲ್ಲಿದೆ! ನನ್ನ ಹೂಬಳ್ಳಿ ಇಲ್ಲಿದೆ! ನನ್ನ ಚಿನ್ನದ ಅಂಚು, ನನ್ನ ಮೋಡ, ನನ್ನ ಇಳಿಬಿಸಿಲು, ಎಲ್ಲಾ ಇಲ್ಲಿದೆ! ನಾನು ಇಷ್ಟು ವರ್ಷ ಕಷ್ಟಪಟ್ಟು ಕೂಡಿಸಿದ್ದನ್ನೆಲ್ಲ ನೀನು ಯಾವಾಗ ಸಾಗಿಸಿದೆ?

ಡುಫಿಯೆ: ಏನು ನಾನು ಸಾಗಿಸಿದ್ನಾ? ನಿಮ್ಮ ಪಾರಿವಾಳ ತಗೊಂಡು ನಾನು ಸಾರು ಮಾಡ್ಲಾ?

ಅಂಪೊನ್ಸಾ: ಬೇರೆ ಅಂಗಡಿ ಇಡೋಕೆ ಹೊರಟಿದೀಯ! ಬೆಳಿಗ್ಗೆ ಹೆಸರು ಬೇಕು ಅಂದಾಗ್ಲೇ ಅನ್ಕೊಂಡೆ!

ಡುಫಿಯೆ: ತಡೀರಿ, ನಾನೂ ನೋಡ್ತೀನಿ. ಇಲ್ಲೂ ಒಂದು ಕ್ವಾಕು ಇದೆ. ಒತ್ತಿದೆ. ಹಾಂ! ನಾನಾ, ನೋಡಿ ಬನ್ನಿ! ನಾನು ಬರ್ದಿದ್ದೆಲ್ಲಾ ಇವರ ಕಂಪ್ಯೂಟರಲ್ಲಿದೆ! ನಿಮ್ಮ ಪುಸ್ತಕದ ಮಾತೂ ಇದೆ! ಎತ್ಕೊಂಡಾಗಿದೆ, ಇನ್ನೂ ಬಂದಿಲ್ಲ ಬಂದಿಲ್ಲ ಅಂತ ನಾಟಕ!

ಅಂಪೊನ್ಸಾ: ನನ್ನ ಹತ್ರ ಎಲ್ಲಿದೆ? ನನ್ನ ಹತ್ರ ಇದ್ದಿದ್ರೆ ನಾನ್ಯಾಕೆ ನಿನ್ನ ಕಾಲು ಹಿಡೀತಿದ್ದೆ?

ಡುಫಿಯೆ: ಯಾವಾಗ್ರೀ ಹಿಡಿದ್ರಿ ಕಾಲು? ಹೇಳಿ, ಯಾವಾಗ?

ಬಾಫೂರರು ಕೊಡೆಯ ತುದಿಯಿಂದ ನೆಲ ಕುಟ್ಟಿದರು. ಹಿತ್ತಿಲಲ್ಲಿ ಊಟದ ಮುದ್ದೆಗೆ ಫುಫು ಕುಟ್ಟುತ್ತಿದ್ದ ಪಕ್ಕದ ಮನೆಯವರ ಒನಕೆ ಕೂಡ ಆ ಕ್ಷಣ ನಿಂತುಹೋಯಿತು.

ಬಾಫೂರ್: ಪಂಚಾಯಿತಿಗೆ ಬಂದವರನ್ನ ಮೊದ್ಲು ಏನು ಕೇಳ್ಬೇಕೋ ಅದನ್ನೇ ಕೇಳೋಕೆ ಮರ್ತೆ. ವಯಸ್ಸಾಯ್ತು. ಅಂಪೊನ್ಸಾ, ನಿನ್ನ ಕಂಪ್ಯೂಟರಿನ ಹೆಸರೇನು?

ಅಂಪೊನ್ಸಾ: ಕ್ವಾಕು.

ಬಾಫೂರ್: ಮಗಳೇ, ನಿಂದು?

ಡುಫಿಯೆ: ಕ್ವಾಕು.

ಬಾಫೂರ್: ಇಬ್ಬರದೂ ಕ್ವಾಕುನೇ?

ಅಂಪೊನ್ಸಾ: ಮತ್ತೇನಿಡೋಕಾಗತ್ತೆ ನಾನಾ? ಎರಡೂ ಒಂದೇ ಬುಧವಾರ ಒಂದೇ ಟ್ಯಾಕ್ಸೀಲಿ ಬಂದ್ವು. ಮೊದಲ್ನೇ ಸಲ ಹಚ್ಚಿದಾಗ ಇದಕ್ಕೊಂದು ಹೆಸರು ಕೊಡಿ ಅಂತ ಅದೇ ಕೇಳ್ತು. ಬುಧವಾರ ಬಂದ ಗಂಡಿಗೆ ಕ್ವಾಕು ಅಂತಲೇ ಅಲ್ವಾ ಇಡೋದು?

ಆ ಊರಿನಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ, ಆ ಮನೆಯಲ್ಲಿ ಸಾಮಾನಿಗೂ ಹಾಗೆಯೇ. ಮಂಗಳವಾರ ಬಂದ ಫ್ರಿಜ್ಜು ಅಬೆನಾ, ಭಾನುವಾರ ಬಂದ ಪ್ರಿಂಟರು ಅಕೊಸುವಾ. ಎರಡೂ ಹೊಟ್ಟೆಯೊಳಗಿಂದ ಏನಾದರೂ ಕೊಡುವಂಥವು, ಆದ್ದರಿಂದ ಹೆಣ್ಣು. ಕಂಪ್ಯೂಟರು ಕೂತ ಕಡೆಯೇ ಕೂತು ಬಿಸಿಯಾಗುತ್ತದೆ, ಆದ್ದರಿಂದ ಗಂಡು ಎಂದು ಡುಫಿಯೆ ತೀರ್ಮಾನ ಮಾಡಿದ್ದಳು. ಅಂಪೊನ್ಸಾ ಯಾಕೆಂದು ಕೇಳದೆ ಒಪ್ಪಿಕೊಂಡಿದ್ದ.

ಬಾಫೂರ್: ಒಂದೇ ಹೆಸರಿನೋರು ಇಬ್ಬರು ಇದ್ರೆ ಕಷ್ಟ ಆಗತ್ತೆ ಅನ್ನಿಸ್ಲಿಲ್ವಾ?

ಅಂಪೊನ್ಸಾ: ಅದ್ರಲ್ಲೇನು ಕಷ್ಟ? ನನ್ನ ಸೋದರಮಾವ ಕ್ವಾಕು, ಮೂಲೆ ಅಂಗಡಿಯವನು ಕ್ವಾಕು, ಚರ್ಚಿನ ಗಂಟೆ ಹೊಡೆಯೋನು ಕ್ವಾಕು. ಎಲ್ಲಾ ಚೆನ್ನಾಗೇ ಇದಾರೆ.

ಬಾಫೂರ್: ಅವರೆಲ್ಲ ಒಟ್ಟಿಗೆ ಒಂದು ಕಡೆ ಕೂತಿರುವಾಗ ನಾನು ಕ್ವಾಕೂ ಅಂತ ಕೂಗಿದ್ರೆ?

ಅಂಪೊನ್ಸಾ: ಎಲ್ಲರೂ ಎದ್ದು ನಿಲ್ತಾರೆ.

ಬಾಫೂರ್: ಹಂ. ಈಗ ನನ್ನ ಕಸುಬಿನೋನು ಆ ಡಬ್ಬಿ. 'ಕ್ವಾಕುವಿನ ಮನೆಯಿಂದ ಈ ಫೈಲ್ ತಾ' ಅಂತ ನೀನು ಅವನಿಗೆ ಹೇಳ್ತೀಯ. ಅವನು ಏನು ಮಾಡ್ಬೇಕು ಪಾಪ? 'ಸ್ವಾಮಿ, ಕ್ವಾಕು ಅಂದ್ರೆ ನೀವೇ ಅಲ್ವಾ' ಅಂತ ನಿನ್ನನ್ನೇ ತಿರುಗಿಸಿ ನಿನ್ನ ಮನೆ ಬಾಗಿಲಿಗೇ ತಂದು ನಿಲ್ಲಿಸ್ತಾನೆ. ನೀನು ನಿನ್ನ ಪಾರಿವಾಳ ನೋಡಿ ಹೆಂಡ್ತಿ ಕದ್ದಳು ಅಂತ ಕೂಗ್ತೀಯ.

ಅಂಪೊನ್ಸಾ ಮೂಗು ಕೆರೆದುಕೊಂಡ.

ಅಂಪೊನ್ಸಾ: ಅದಕ್ಕೇನಾ ಅದು ಹಾಗೆ ಹೇಳ್ತಿದ್ದಿದ್ದು?

ಡುಫಿಯೆ: ಯಾವುದು? ಏನು ಹೇಳ್ತಿತ್ತು?

ಅಂಪೊನ್ಸಾ: ಆ ಡಬ್ಬಿ ಹಾಕಿಸಿದ ದಿನದಿಂದ, ಬೆಳಿಗ್ಗೆ ಹಚ್ಚಿದ ಕೂಡ್ಲೆ, 'ನಿನ್ನ ಹೆಸರಿನವನು ಇನ್ನೊಬ್ಬ ಇಲ್ಲಿದಾನೆ' ಅಂತ ಬರ್ತಿತ್ತು. ಇದ್ರೆ ಇರ್ಲಿ ಬಿಡು, ಒಳ್ಳೇದಾಯ್ತು ಅಂತ ನಾನು 'ಸರಿ' ಒತ್ತುತ್ತಿದ್ದೆ.

ಡುಫಿಯೆ: ಅಯ್ಯೋ ನನ್ನ ಕರ್ಮವೇ! ದಿನಾ ಬಂದು ಹೇಳಿದ್ರೂ ದಿನಾ 'ಸರಿ' ಅಂದ್ರಾ?

ಅಂಪೊನ್ಸಾ: ನಿಂದರಲ್ಲಿ ಬರ್ತಿರ್ಲಿಲ್ವಾ?

ಡುಫಿಯೆ: ಬರ್ತಿತ್ತು. ನಾನು ಯಾರೋ ನಮಸ್ಕಾರ ಹೇಳ್ತಿದಾರೆ ಅನ್ಕೊಂಡೆ.

ಬಾಫೂರ್: ಸರಿ ಹೋಯ್ತು. ಈಗ ಒಬ್ಬರು ಹೆಸರು ಬದಲಾಯಿಸಿ. ಬೇಗ.

ಅಂಪೊನ್ಸಾ: ಬದಲಾಯಿಸು ಕಣೆ, ನಾನಾ ಹೇಳ್ತಿದಾರೆ.

ಡುಫಿಯೆ: ನಾನ್ಯಾಕೆ ಬದಲಾಯಿಸ್ಲಿ? ಪುಸ್ತಕದಲ್ಲಂತೂ ನನ್ನ ಹೆಸರಿಲ್ಲ. ನನ್ನ ಕಂಪ್ಯೂಟರಿನ ಹೆಸರನ್ನೂ ಕಿತ್ಕೊಳ್ತೀರಾ?

ಅಂಪೊನ್ಸಾ: ನಂದೂ ಬದಲಾಯಿಸೋಕಾಗಲ್ಲ. ಬಂದ ವಾರದ ಹೆಸರು ಜೀವದ ಹೆಸರು. ಬುಧವಾರಾನ ಹೋಗಿ ಶುಕ್ರವಾರ ಮಾಡೋಕಾಗತ್ತಾ?

ಬಾಫೂರ್: ಒಂದೇ ದಿನ ಒಂದೇ ಹೊಟ್ಟೇಲಿ ಬಂದವಕ್ಕೆ ನಮ್ಮಲ್ಲಿ ಏನಂತೀವಿ? ಹೇಳ್ರಯ್ಯಾ, ಅದನ್ನೂ ನಾನೇ ಹೇಳ್ಬೇಕಾ?

ಡುಫಿಯೆ: ಅವಳಿ!

ಬಾಫೂರ್: ಅವಳಿ. ವಾರದ ಹೆಸರು ಇರ್ಲಿ. ಮುಂದೆ ಒಬ್ಬನಿಗೆ ಪಾನಿನ್ ಅಂತ ಸೇರ್ಸಿ, ಅವನು ದೊಡ್ಡವನು. ಇನ್ನೊಬ್ಬನಿಗೆ ಕಾಕ್ರಾ ಅಂತ ಸೇರ್ಸಿ, ಅವನು ಚಿಕ್ಕವನು. ಯಾರ ಜೀವಕ್ಕೂ ಅವಮಾನ ಇಲ್ಲ. ಟ್ಯಾಕ್ಸಿಯಿಂದ ಮೊದ್ಲು ಇಳಿದದ್ದು ಯಾವುದು?

ಅಂಪೊನ್ಸಾ: ನಂದು!

ಡುಫಿಯೆ: ಸುಳ್ಳು! ನಂದು! ನಿಮ್ಮದು ಡಿಕ್ಕೀಲೇ ಇತ್ತು, ನಂದನ್ನ ನಾನು ಮಗು ಥರ ತೊಡೆ ಮೇಲಿಟ್ಕೊಂಡು ಬಂದೆ. ಬಾಗಿಲು ತೆಗೆದ ಕೂಡ್ಲೆ ನಾನು ಇಳಿದೆ, ಅದೂ ಇಳೀತು.

ಅಂಪೊನ್ಸಾ: ಅವಳು ಇಳಿಯೋ ಹೊತ್ತಿಗೆ ಡಿಕ್ಕಿ ತೆಗೆದು ನಂದನ್ನ ಮೆಟ್ಟಿಲ ಮೇಲೆ ಇಟ್ಟಾಗಿತ್ತು ನಾನಾ. ಅವಳಿಗೆ ಆ ಬಿಗಿ ಲಂಗದಲ್ಲಿ ಟ್ಯಾಕ್ಸಿ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಇಡೀ ಬೀದಿಗೆ ಗೊತ್ತು!

ಡುಫಿಯೆ: ನನ್ನ ಲಂಗದ ಸುದ್ದಿ ಬೇಡ! ನಂದೇ ಮೊದ್ಲು, ಪ್ರಮಾಣ ಮಾಡಿ ಹೇಳ್ತೀನಿ.

ಅಂಪೊನ್ಸಾ: ನಾನೂ ಮಾಡ್ತೀನಿ! ನಂದೇ ಮೊದ್ಲು!

ಬಾಫೂರ್: ಇಷ್ಟೊಂದು ಆಸೆಯಾ ಚಿಕ್ಕವರಾಗೋಕೆ?

ಇಬ್ಬರೂ ಕುರ್ಚಿ ತಿರುಗಿಸಿ ಅವರ ಕಡೆ ನೋಡಿದರು.

ಬಾಫೂರ್: ಅವಳೀಲಿ ಮೊದ್ಲು ಹೊರಗೆ ಬರೋದು ಚಿಕ್ಕವನು. ದೊಡ್ಡವನು ಒಳಗೇ ಇದ್ದು, 'ಹೋಗಪ್ಪಾ, ಹೊರಗೆ ಹೇಗಿದೆ ನೋಡು' ಅಂತ ತಮ್ಮನನ್ನ ಮುಂದೆ ತಳ್ಳಿ, ಆಮೇಲೆ ತಾನು ನಿಧಾನಕ್ಕೆ ಬರ್ತಾನೆ. ನಮ್ಮ ಮನೇಲಿ ಇದು ಹಿಂದಿನಿಂದ ನಡ್ಕೊಂಡು ಬಂದಿದ್ದು. ಮೊದ್ಲು ಬಂದವನು ಕಾಕ್ರಾ, ಆಮೇಲೆ ಬಂದವನು ಪಾನಿನ್.

ಅಂಪೊನ್ಸಾ: ಅಲ್ಲ ನಾನಾ, ಈಗ ಸರಿಯಾಗಿ ನೆನಪಾಯ್ತು. ಡಿಕ್ಕಿ ಬೀಗ ಸಿಕ್ಕಿಹಾಕ್ಕೊಂಡಿತ್ತು. ಡ್ರೈವರ್ ಬಂದು ಗುದ್ದಿ ಗುದ್ದಿ ತೆಗೆದ. ನಂದು ಇಳಿಯೋದು ಬಹಳ ತಡ ಆಯ್ತು.

ಡುಫಿಯೆ: ಬೀಗಾನೂ ಇಲ್ಲ, ಏನೂ ಇಲ್ಲ! ನನ್ನ ಲಂಗದಲ್ಲಿ ಇಳಿಯೋಕೇ ಆಗ್ಲಿಲ್ಲ ನಾನಾ, ಇಡೀ ಬೀದಿಗೆ ಗೊತ್ತು ಅಂತ ಇವರೇ ಈಗ ಹೇಳಿದ್ರು!

ಅಂಪೊನ್ಸಾ: ಪ್ರಮಾಣ ಮಾಡ್ತೀನಿ ಅಂದೆಯಲ್ಲೇ ಮೊದ್ಲು ಇಳಿದೆ ಅಂತ!

ಡುಫಿಯೆ: ಮಾಡ್ತೀನಿ ಅಂದೆ, ಇನ್ನೂ ಮಾಡಿರ್ಲಿಲ್ಲ!

ಬಾಫೂರರು ಕಣ್ಣು ಮುಚ್ಚಿಕೊಂಡು ಎರಡೂ ಕೈಯನ್ನು ಕೊಡೆಯ ಹಿಡಿಯ ಮೇಲಿಟ್ಟರು. ಆ ಮುಚ್ಚಿದ ರೆಪ್ಪೆಗಳನ್ನು ಡುಫಿಯೆ ನೋಡಿದಳು. ನಾಳೆ ಅವನ್ನು ಬಿಡಿಸಿ ಕತ್ತಿ ಹಾಕುತ್ತಾರೆ. ಇವರು ಇಲ್ಲಿ ಕೂತು ಟ್ಯಾಕ್ಸಿಯ ಕಥೆ ಕೇಳುತ್ತಿದ್ದಾರೆ. ಅವಳಿಗೆ ತನ್ನ ಮೇಲೇ ನಾಚಿಕೆ ಬಂತು. ನಾಚಿಕೆಯ ಜೊತೆಗೇ ಒಂದು ಉಪಾಯವೂ ಹೊಳೆಯಿತು.

ಡುಫಿಯೆ: ಸಾಕು ನಾನಾ. ಬಿಟ್ಟುಕೊಟ್ಟೆ. ದೊಡ್ಡವನು ಅವರದೇ ಆಗ್ಲಿ. ಪಾನಿನ್ ಅವರು, ಕಾಕ್ರಾ ನಾನು. ನನಗೆ ದೊಡ್ಡಸ್ತಿಕೆ ಬೇಡ. ಪುಸ್ತಕದ ಕೊನೇ ಸಾಲಲ್ಲಿ ನನ್ನ ಹೆಸರು ಇರ್ಬೇಕು, ಅಷ್ಟೇ. ಅದೂ ನಿಮ್ಮ ಎದುರಿಗೆ ಒಪ್ಪಿಕೊಳ್ಳಲಿ.

ಅಂಪೊನ್ಸಾ: (ಎದೆ ಉಬ್ಬಿಸಿ) ಒಪ್ಪಿದೆ! ದೊಡ್ಡವರಾದ ಮೇಲೆ ಅಷ್ಟು ಉದಾರಬುದ್ಧಿ ಇರಬೇಕಾಗತ್ತೆ.

ಬಾಫೂರ್: ನಾನು ಕೇಳಿಸ್ಕೊಂಡೆ. ಆ ಡಬ್ಬೀನೂ ಕೇಳಿಸ್ಕೊಂಡಿದೆ. ನಡೀರಿ.

ಇಬ್ಬರೂ ಟಪಟಪ ಒತ್ತತೊಡಗಿದರು. ಅಂಪೊನ್ಸಾ 'ಕ್ವಾಕು' ಎಂದು ಬರೆದು, ಜಾಗ ಬಿಟ್ಟು, 'ಪಾನಿನ್' ಎಂದು ಬರೆದ. ಕಂಪ್ಯೂಟರು ಒಪ್ಪಲಿಲ್ಲ.

ಅಂಪೊನ್ಸಾ: ಇದೇನೇ, ಹೆಸರಿನ ನಡುವೆ ಜಾಗ ಬಿಡೋಕೆ ಬಿಡಲ್ಲ ಅನ್ನತ್ತೆ!

ಡುಫಿಯೆ: ಜಾಗ ಬಿಡ್ಬೇಡಿ. ಒತ್ತೊತ್ತಿಗೆ ಕೂರಿಸಿ. ಮದುವೆ ಆದಾಗಿಂದ ನಾವು ಹಾಗೇ ತಾನೆ ಇರೋದು.

ಅಂಪೊನ್ಸಾ: ತಗೊಂಡ್ತು! ಈಗ ಆರಿಸಿ ಹಚ್ಚಬೇಕಂತೆ.

ಎರಡೂ ಕಂಪ್ಯೂಟರು ಆರಿದವು. ಆಗ ಮೂವರೂ ಕರೆಂಟು ಹೋಗದಿರಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡರು, ಏಕೆಂದರೆ ಬಾಂತಾಮಾದಲ್ಲಿ ಕರೆಂಟು ಹೋಗುವುದು 'ಇನ್ನೇನು ಮುಗಿಯಿತು' ಅನ್ನುವಾಗಲೇ. ಹೋಗಲಿಲ್ಲ. ಎರಡೂ ಹೊತ್ತಿಕೊಂಡವು. 'ನಿನ್ನ ಹೆಸರಿನವನು ಇನ್ನೊಬ್ಬ ಇದಾನೆ' ಎಂಬ ಮಾತು ಈ ಸಲ ಬರಲಿಲ್ಲ.

ಅಂಪೊನ್ಸಾ: ಬಂದ! ಬಂದ ಕಣೆ! ಇಬ್ಬರೂ ಅಕ್ಕಪಕ್ಕ ಕೂತಿದಾರೆ! ಕ್ವಾಕುಕಾಕ್ರಾ! ಒತ್ತಿದೆ. ಅಬ್ಬಬ್ಬಾ, ಎಷ್ಟೊಂದು ಬರ್ದಿದೀಯೇ! ನಾನಾ, ನಿಮ್ಮ ಪುಸ್ತಕ ಇಲ್ಲಿದೆ!

ಡುಫಿಯೆ ಓಡಿ ಬಂದು ಗಂಡನ ಹೆಗಲ ಹಿಂದೆ ನಿಂತಳು. ತನ್ನ ಕೋಣೆಯ ಮಾತುಗಳು ಅವನ ಪರದೆಯ ಮೇಲೆ ಒಂದೊಂದಾಗಿ ಬಂದು ಕೂತಿದ್ದು ನೋಡಿ, ಅವಳಿಗೆ ತವರಿನವರು ಬಂದಷ್ಟು ಸಂತೋಷವಾಯಿತು. ಅಂಪೊನ್ಸಾ ಹೂಬಳ್ಳಿಯ ನಡುವೆ ಅವನ್ನೆಲ್ಲ ಸುರಿದ. ಪಾರಿವಾಳ ಬೇಡ, ನನಗೆ ಕೋಳಿಯೇ ಇಷ್ಟ ಎಂದರು ಬಾಫೂರರು. ಪಾರಿವಾಳ ಹೋಯಿತು. ಕೊನೆಯ ಪುಟಕ್ಕೆ ಬಂದು ಅಂಪೊನ್ಸಾ ಉದಾರವಾಗಿ ಬರೆದ: 'ಸಿದ್ಧಪಡಿಸಿದವರು, ಅಂಪೊನ್ಸಾ, ಡುಫಿಯೆ.'

ಬಾಫೂರ್: ಅದೇನು ಬರ್ದೆ, ಓದು.

ಅಂಪೊನ್ಸಾ: ಅಂಪೊನ್ಸಾ, ಡುಫಿಯೆ.

ಬಾಫೂರ್: ಎಲ್ಲಾದ್ರೂ ಉಂಟೇನಯ್ಯಾ? ಅರಸರ ಮೆರವಣಿಗೆ ನೋಡಿಲ್ವಾ ನೀನು? ಮುಂದೆ ಯಾರು ಬರ್ತಾರೆ?

ಅಂಪೊನ್ಸಾ: ಸಣ್ಣಪುಟ್ಟ ನಾಯಕರು.

ಬಾಫೂರ್: ಎಲ್ಲರಿಗಿಂತ ದೊಡ್ಡವರು?

ಅಂಪೊನ್ಸಾ: ಎಲ್ಲರಿಗಿಂತ ಕೊನೇಲಿ... ಅಯ್ಯೋ.

ಬಾಫೂರ್: ಪಾನಿನ್ ನೀನು. ತಮ್ಮನನ್ನ ಮುಂದೆ ಕಳಿಸಿ ನೀನು ಹಿಂದೆ ಬರಬೇಕು. ದೊಡ್ಡವನು ಹೋಗಿ ಮುಂದೆ ನಿಂತ್ರೆ ನೋಡಿದವರು ನಗ್ತಾರೆ. ಅದೂ ಒಬ್ಬ ಮಾತಿನ ಹಿರಿಯನ ಪುಸ್ತಕದಲ್ಲಿ ಇಂಥಾ ತಪ್ಪೇ? ತಿದ್ದು.

ಅಂಪೊನ್ಸಾ: ನಾನಾ, ಹಾಗಾದ್ರೆ ನನ್ನನ್ನ ಕಾಕ್ರಾ ಮಾಡಿಬಿಡಿ.

ಡುಫಿಯೆ: ಆಗಲ್ಲ! ಡಬ್ಬಿ ಕೇಳಿಸ್ಕೊಂಡಾಗಿದೆ!

ಅಂಪೊನ್ಸಾ ಅವಳ ಮುಖ ನೋಡಿದ. ಅವಳು ಚಾವಣಿ ನೋಡಿದಳು. ಅವನು 'ಡುಫಿಯೆ, ಅಂಪೊನ್ಸಾ' ಎಂದು ತಿದ್ದಿ, ಇನ್ನೂ ಏನಾದರೂ ಬದಲಾಗುವ ಮೊದಲೇ ಪ್ರಿಂಟು ಕೊಟ್ಟ. ಅಕೊಸುವಾ ಗೊರಗೊರ ಎಂದು ಸದ್ದು ಮಾಡಿ ಹಾಳೆಗಳನ್ನು ಹೊರಗೆ ಬಿಟ್ಟಳು. ಡುಫಿಯೆ ಅವನ್ನು ಮಡಿಸಿ, ಪಿನ್ನು ಹೊಡೆದು, ಎರಡೂ ಕೈಯಲ್ಲಿ ಹಿಡಿದು ಬಾಫೂರರಿಗೆ ಕೊಟ್ಟಳು.

ಮುದುಕರು ಬಾಗಿಲ ಬೆಳಕಿಗೆ ಕುರ್ಚಿ ಎಳೆಸಿಕೊಂಡು, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದರು. ಗಂಡ ಹೆಂಡತಿ ಪರೀಕ್ಷೆ ಬರೆದ ಮಕ್ಕಳಂತೆ ಕೈಕಟ್ಟಿ ನಿಂತಿದ್ದರು.

ಬಾಫೂರ್: ಬಹಳ ಒಳ್ಳೆಯವನು ಕಣಯ್ಯಾ ಇವನು. ಬದುಕಿದ್ದಾಗ ಪರಿಚಯ ಆಗಿದ್ರೆ ಚೆನ್ನಾಗಿರ್ತಿತ್ತು. ತಾಯೀ, ಚೆನ್ನಾಗಿ ಬರ್ದಿದೀಯ. 'ಬೇರೆಯವರ ಮಾತನ್ನೇ ಆಡಿದ, ತನ್ನದು ಒಂದೂ ಆಡಲಿಲ್ಲ' ಅಂತ ಬರ್ದಿದೀಯಲ್ಲ, ಅದು ನಾನು ಹೇಳಿದ್ದಲ್ಲ.

ಡುಫಿಯೆ: ಅದೊಂದು ನಾನೇ ಸೇರಿಸ್ದೆ ನಾನಾ. ತಪ್ಪಾಗಿದ್ರೆ...

ಬಾಫೂರ್: ಇರ್ಲಿ. ಅದು ಇರ್ಲಿ.

ಡುಫಿಯೆಯ ಕಣ್ಣು ತುಂಬಿ ಬಂತು. ಸುಮ್ಮನಿರಲಾಗದೆ ಕೈ ತಟ್ಟಿಯೇಬಿಟ್ಟಳು.

ಡುಫಿಯೆ: ಆಫ್ರಾ ಅಪ್ಪಾ, ಇನ್ನೊಂದಿಷ್ಟು ತೆಗೀರಿ! ನಮ್ಮಕ್ಕನಿಗೊಂದು, ಚರ್ಚಿನ ಹೆಂಗಸರಿಗೊಂದು, ಆಫ್ರಾಗೊಂದು. ಅಂಗಡಿ ಸಾಲಿನವರೆಲ್ಲ ನೋಡ್ಲಿ ನನ್ನ ಹೆಸರು ಮೊದ್ಲು ಬಂದಿದ್ದು!

ಬಾಫೂರ್: ಏ, ಏ, ತಡಿ ತಾಯಿ. ಇದು ಒಂದೇ ಸಾಕು. ಇದು ನನ್ನ ಬಟ್ಟೆ ಪೆಟ್ಟಿಗೇಲಿ ಇರತ್ತೆ. ಬದುಕಿ ಉಣ್ತಾ ಇರೋನ ಸಾವಿನ ಪುಸ್ತಕಾನ ಊರಿಗೆ ಹಂಚೋಕಾಗತ್ತಾ? ಜನರ ಕೈಗೆ ಇದು ಹೋಗೋದು ನಾನು ಹೋದ ಮೇಲೇನೇ.

ಡುಫಿಯೆ ತಟ್ಟಿದ ಕೈ ಹಾಗೆಯೇ ಅಂಟಿಕೊಂಡು ನಿಂತಿತು. ಅಂಪೊನ್ಸಾ ನಕ್ಕು ನಕ್ಕು ಕುರ್ಚಿಯ ಹಿಂಬದಿ ಹಿಡಿದುಕೊಂಡ.

ಅಂಪೊನ್ಸಾ: ಮೆರವಣಿಗೇಲಿ ಮುಂದೆ ನಿಂತೆ ಕಣೆ, ಮೆರವಣಿಗೆ ಮಾತ್ರ ಹೊರಡ್ಲಿಲ್ಲ!

ಬಾಫೂರ್: ಅವಸರ ಇದ್ರೆ ಹೇಳಮ್ಮಾ. ಹೇಗೂ ಆಸ್ಪತ್ರೆಗೆ ಹೋಗ್ತಿದೀನಿ. ಡಾಕ್ಟರಿಗೆ ಒಂದು ಮಾತು ಹೇಳಿ ನೋಡ್ತೀನಿ.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಡುಫಿಯೆ ಪುಸ್ತಕವನ್ನು ಮುದುಕರ ಕೈಯಿಂದ ತೆಗೆದುಕೊಂಡು, ತನ್ನ ಹೆಸರಿದ್ದ ಪುಟವನ್ನು ಒಮ್ಮೆ ನೋಡಿ ಮುಚ್ಚಿದಳು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತಿ, ಬಾಯಿಗೆ ಎರಡು ಗಂಟು ಹಾಕಿದಳು. ಅವರ ಮೊಣಕೈ ಹಿಡಿದು ಮೆಟ್ಟಿಲು ಇಳಿಸಿ, ವ್ಯಾನಿನ ಕಿಟಕಿ ಪಕ್ಕ ಕೂರಿಸಿ, ಚೀಲವನ್ನು ಅವರ ಮಡಿಲಿಗಿಟ್ಟಳು.

ಡುಫಿಯೆ: ಕಣ್ಣು ಸರಿಮಾಡಿಸ್ಕೊಂಡು ನೆಟ್ಟಗೆ ಮನೆಗೆ ಬನ್ನಿ ನಾನಾ. ಇದು ನಿಮ್ಮ ಬಟ್ಟೆ ಪೆಟ್ಟಿಗೇಲೇ ಗೆದ್ದಲು ಹಿಡೀಲಿ. ನನ್ನ ಹೆಸರಿಗೇನೂ ಅವಸರ ಇಲ್ಲ.